ಎಡಕ್ಕೆ ಮಾತು, ಬಲಕ್ಕೆ ಅಣ್ಣ

ಹೊಸ ಆವೃತ್ತಿ ಬಂದಿದೆ, ಹಾಕಿಕೊಳ್ಳಲೇ ಎಂದು ಟ್ಯಾಬ್ಲೆಟ್ಟು ಕೇಳತೊಡಗಿ ಒಂದು ತಿಂಗಳಾಗಿತ್ತು. ಗಿಣಿಯಕ್ಕ ಪ್ರತಿಸಲವೂ "ಈಗ ಬೇಡ" ಎಂಬುದನ್ನು ಒತ್ತಿ, ಬಾಗಿಲಿಗೆ ಬಂದ ಮಾರಾಟದವನನ್ನು ಸಾಗಹಾಕಿದಂತೆ ಸಾಗಹಾಕುತ್ತಿದ್ದಳು. ಆದರೆ ಕೇಳುವವನಿಗೆ ಬೇಸರವಿಲ್ಲದಿದ್ದರೆ ಬೇಡ ಎನ್ನುವವರಿಗೆ ಒಂದು ದಿನ ಬೇಸರ ಬಂದೇ ಬರುತ್ತದೆ. ಗುರುವಾರ ಸಂಜೆ ಒಂದು ಕೈಯಲ್ಲಿ ಅಣ್ಣನ ಮಾತ್ರೆ, ಇನ್ನೊಂದು ಕೈಯಲ್ಲಿ ನೀರಿನ ಲೋಟ ಇದ್ದಾಗ ಅದು ಮತ್ತೆ ಕೇಳಿತು. ಹಾಳಾಗಿ ಹೋಗು ಎಂದುಕೊಂಡು ಕಿರುಬೆರಳಿನಿಂದ "ಆಗಲಿ" ಎಂಬುದನ್ನು ಒತ್ತಿಬಿಟ್ಟಳು. ಶುಕ್ರವಾರ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಅದನ್ನು ತೆರೆದಾಗ, ಪರದೆಯ ನಟ್ಟನಡುವೆ ಇದ್ದ ಗೆರೆ ಮಾಯವಾಗಿತ್ತು.

ಆ ಗೆರೆ ಏನೆಂದು ಮೊದಲು ಹೇಳಿಬಿಡಬೇಕು. ಗಿಣಿಯಕ್ಕ ಒಂದು ನಾಟಕ ತಂಡದ ಪ್ರಾಂಪ್ಟರ್. ರಂಗದ ಪಕ್ಕದ ಕತ್ತಲೆ ಮೂಲೆಯಲ್ಲಿ ಕೂತು, ಮಾತು ಮರೆತ ನಟರಿಗೆ ಮಾತು ಎತ್ತಿಕೊಡುವುದು ಅವಳ ಕೆಲಸ. ನಲವತ್ತು ವರ್ಷದಿಂದ ಅದೇ ಮೂಲೆ, ಅದೇ ಕುಂಟುವ ಕುರ್ಚಿ. ಊರಿಗೆಲ್ಲ ಮಾತು ಹೇಳಿಕೊಡುವವಳೆಂದು ತಂಡದವರು ಅವಳಿಗೆ ಗಿಣಿ ಎಂದು ಹೆಸರಿಟ್ಟರು. ತಮಾಷೆಯೆಂದರೆ ಈ ಗಿಣಿಗೆ ಒಂದು ನಾಟಕವೂ ಬಾಯಿಪಾಠವಿಲ್ಲ. ಇರಬಾರದು ಎನ್ನುವುದೇ ಅವಳ ವಿದ್ಯೆಯ ಮೊದಲ ಪಾಠ. "ಮರೆಯೋನಿಗೆ ಮಾತು ಕೊಡೋಳು ನೀನೂ ನೆನಪನ್ನೇ ನಂಬಿದ್ರೆ, ಮರೆಯೋರು ಇಬ್ಬರಾದ ಹಾಗಾಯ್ತು. ಓದಿ ಹೇಳು, ನೆನೆಸ್ಕೊಂಡು ಹೇಳ್ಬೇಡ" ಎಂದು ಕೆಲಸ ಕಲಿಸಿದ ಮುದುಕ ಹೇಳಿದ್ದ. ಅವಳು ಆ ಮಾತನ್ನು ಹಟದಿಂದ ಪಾಲಿಸಿದವಳು. ನೂರನೇ ಪ್ರದರ್ಶನದಲ್ಲೂ ಸಾಲಿನ ಮೇಲೆ ಬೆರಳಿಟ್ಟು ಹೊಸದಾಗಿ ಓದುವವಳಂತೆ ಓದುತ್ತಿದ್ದಳು.

ಅವಳ ಅಣ್ಣ ಅದೇ ತಂಡದ ಹಿರಿಯ ನಟ. ಬದುಕಿನ ಮುಕ್ಕಾಲು ಪಾಲು ಕಿರೀಟ ಹೊತ್ತೇ ಕಳೆದದ್ದರಿಂದ ಎಲ್ಲರಿಗೂ ಅವನು ದೊರೆ. ಅತ್ತಿಗೆ ತೀರಿಕೊಂಡ ಮೇಲೆ ಅಣ್ಣ ತಂಗಿ ಇಬ್ಬರೂ ಒಂದೇ ಮನೆಯಲ್ಲಿದ್ದರು. ಮನೆಯಲ್ಲಿ ದೊರೆ ಪಾತ್ರೆ ತೊಳೆಯುತ್ತಿದ್ದ, ಗಿಣಿಯಕ್ಕ ಒರೆಸಿಡುತ್ತಿದ್ದಳು. ಎರಡು ವರ್ಷದ ಹಿಂದೆ ಒಂದು ತಾಲೀಮಿನಲ್ಲಿ ದೊರೆ ತನ್ನ ಮನೆಯ ದಾರಿ ತಪ್ಪಿದವನಂತೆ ನಿಂತುಬಿಟ್ಟ. ಮರೆತದ್ದು ಒಂದು ಸಾಲನ್ನಲ್ಲ, ಆ ದೃಶ್ಯವನ್ನೇ. ಆಸ್ಪತ್ರೆಗೆ ಹೋದರು. ತಲೆಯ ಚಿತ್ರ ತೆಗೆದರು. ಇದು ಮರೆವಿನ ಕಾಯಿಲೆ, ವಾಸಿಯಾಗುವುದಿಲ್ಲ, ನಿಧಾನ ಮಾಡಬಹುದು ಅಷ್ಟೇ ಎಂದು ಡಾಕ್ಟರು ಹೇಳಿದರು.

ಆಸ್ಪತ್ರೆಯ ಮೆಟ್ಟಿಲ ಮೇಲೆ ಅಣ್ಣ ಅವಳ ಕೈ ಹಿಡಿದುಕೊಂಡ. "ಪುಟ್ಟಿ, ಇದನ್ನ ಯಾರಿಗೂ ಹೇಳ್ಬೇಡ. ರಂಗದಿಂದ ಇಳಿಯೋ ದಿನ ಬಂದಾಗ ನಾನೇ ಹೇಳಿ ಇಳೀತೀನಿ. ನನ್ನನ್ನ ಯಾರೂ ಕೈ ಹಿಡಿದು ಇಳಿಸ್ಬಾರ್ದು. ಮಾತು ಕೊಡು."

ಅವಳು ಮಾತು ಕೊಟ್ಟಳು. ಜೀವಮಾನವೆಲ್ಲ ಬೇರೆಯವರ ಮಾತನ್ನು ಎತ್ತಿಕೊಟ್ಟವಳು ತನ್ನದೇ ಮಾತು ಕೊಟ್ಟದ್ದು ಅದೇ ಮೊದಲು.

ಅಲ್ಲಿಂದ ಶುರುವಾಯಿತು ಅವರಿಬ್ಬರ ಗುಟ್ಟಿನ ಸಂಸಾರ. ಮೂಲೆಯಿಂದ ನಟರು ಸರಿಯಾಗಿ ಕಾಣಿಸುವುದಿಲ್ಲ, ವಯಸ್ಸಾಯಿತು ಎಂದು ಗಿಣಿಯಕ್ಕ ಸುಳ್ಳು ಹೇಳಿ, ಬಾಲ್ಕನಿಯ ಕಂಬಕ್ಕೆ ಒಂದು ಚಿಕ್ಕ ಕ್ಯಾಮೆರಾ ಕಟ್ಟಿಸಿಕೊಂಡಳು. ಅಣ್ಣನ ಕಿವಿ ಮಂದ ಎಂದು ಇನ್ನೊಂದು ಸುಳ್ಳು ಹೇಳಿ, ತಾನು ಮೈಕಿನಲ್ಲಿ ಪಿಸುಗುಟ್ಟಿದ್ದು ಕೇಳುವಂತೆ ಅವನ ಕಿವಿಯೊಳಗೆ ಒಂದು ಸಣ್ಣ ಸ್ಪೀಕರ್ ಇಡಿಸಿದಳು. ಟ್ಯಾಬ್ಲೆಟ್ಟಿನ ಪರದೆ ಎರಡು ಭಾಗವಾಯಿತು. ಗೆರೆಯ ಎಡಕ್ಕೆ ನಾಟಕದ ಮಾತು, ದಪ್ಪ ಅಕ್ಷರದಲ್ಲಿ. ಬಲಕ್ಕೆ ಕ್ಯಾಮೆರಾ ಕಳಿಸುವ ಅಣ್ಣ, ಮೊಣಕಾಲಿನಿಂದ ಮೇಲಕ್ಕೆ. ಅವಳು ನೋಡುತ್ತಿದ್ದದ್ದು ಮುಖವನ್ನಲ್ಲ, ಏಕೆಂದರೆ ಒಳ್ಳೆಯ ನಟನ ಮುಖ ಯಾವತ್ತೂ ನಿಜ ಹೇಳುವುದಿಲ್ಲ. ಅವಳು ನೋಡುತ್ತಿದ್ದದ್ದು ಎಡಗೈಯನ್ನು. ದೊರೆ ಬೇಕೆಂದೇ ಸುಮ್ಮನೆ ನಿಂತಿದ್ದರೆ ಆ ಕೈ ಕಲ್ಲಿನ ಹಾಗೆ ಇರುತ್ತಿತ್ತು. ಮಾತು ನಿಜಕ್ಕೂ ಜಾರಿಹೋಗಿದ್ದರೆ ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಿತ್ತು, ಅಂಗಡಿಯಲ್ಲಿ ಬಟ್ಟೆಯ ನೇಯ್ಗೆ ನೋಡುವವರ ಹಾಗೆ. ಉಜ್ಜಿತೋ, ಅವಳು ಮಾತು ಕೊಡುತ್ತಿದ್ದಳು. ಪ್ರೇಕ್ಷಕರಿಗೆ ಅದು ದೊರೆಯ ಘನವಾದ ನಿಲುಗಡೆ. ಪತ್ರಿಕೆಯೊಂದು ವಯಸ್ಸಾದಂತೆ ದೊರೆಯ ಮೌನ ಮಾಗುತ್ತಿದೆ ಎಂದೂ ಬರೆಯಿತು. ಅಣ್ಣ ತಂಗಿ ಅದನ್ನು ಓದಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ನಿಂತ ಮೇಲೂ ನೀರು ನಿಲ್ಲಲಿಲ್ಲ.

ಈ ನಾಟಕವೇ ಕೊನೆಯದು ಎಂದು ದೊರೆ ತಾನೇ ತೀರ್ಮಾನ ಮಾಡಿದ್ದ. ಉಳಿದದ್ದು ಮೂರೇ ಪ್ರದರ್ಶನ: ನಾಳೆ ಶನಿವಾರ, ನಾಡಿದ್ದು ಭಾನುವಾರ, ಆಮೇಲೆ ಮುಂದಿನ ಭಾನುವಾರ. ಮೂರೂ ಮಧ್ಯಾಹ್ನದ ಆಟಗಳು. ಕೊನೆಯ ದಿನ ಚಪ್ಪಾಳೆಯಾದ ಮೇಲೆ ಮುಂದೆ ಬಂದು, ಇನ್ನು ಸಾಕು ಎಂದು ತಾನೇ ಹೇಳಿ, ನೆಟ್ಟಗೆ ನಡೆದು ಒಳಗೆ ಹೋಗುವುದು. ಅದಿಷ್ಟು ಆಗಿಬಿಟ್ಟರೆ ಮುಂದೆ ಏನಾದರೂ ಆಗಲಿ ಎಂದು ಗಿಣಿಯಕ್ಕ ಕಾದಿದ್ದಳು. ದಡ ಕಾಣುವ ಹೊತ್ತಿಗೆ ಈ ಟ್ಯಾಬ್ಲೆಟ್ಟು ಹೀಗೆ ಮಾಡಿತು.

ಅವಳು ಅದನ್ನು ಕಂಕುಳಲ್ಲಿ ಇಟ್ಟುಕೊಂಡು ನಾಟಕಮಂದಿರಕ್ಕೆ ಹೋದಳು. ಅಲ್ಲಿ ಬೆಳಕು, ಧ್ವನಿ ಎರಡನ್ನೂ ನೋಡಿಕೊಳ್ಳುವವನನ್ನು ಎಲ್ಲರೂ ತಂತಿ ಎನ್ನುತ್ತಾರೆ. ಕೆಲಸವೂ ಅದೇ, ಮೈಯೂ ಹಾಗೇ. ಅವನು ಏಣಿಯಿಂದ ಇಳಿದು ಬಂದು ಪರದೆಯನ್ನು ನಾಲ್ಕು ಸಲ ಸವರಿ ನೋಡಿದ.

"ಇದು ಕೆಟ್ಟಿಲ್ಲ ಅಕ್ಕಾ, ಬೆಳೆದಿದೆ."

"ಅದು ಬೆಳೆದದ್ದಕ್ಕೆ ನಾನ್ಯಾಕಪ್ಪಾ ಒದ್ದಾಡ್ಬೇಕು? ಹಳೇದನ್ನೇ ವಾಪಸ್ ಹಾಕ್ಕೊಡು."

"ಅದಾಗಲ್ಲ. ಮೊಳಕೆ ಒಡೆದ ಮೇಲೆ ಬೀಜ ವಾಪಸ್ ಬರುತ್ತಾ?"

ತಂತಿ ತಾಳ್ಮೆಯಿಂದಲೇ ತೋರಿಸಿಕೊಟ್ಟ. ಈಗ ಗೆರೆ ಹಾಕಿ ಪಾಲು ಮಾಡುವ ಪದ್ಧತಿಯಿಲ್ಲ. ಎಲ್ಲವೂ ಬಿಡಿ ಬಿಡಿ ಕಿಟಕಿಗಳು. ಮೂಲೆ ಹಿಡಿದು ಎಳೆದರೆ ದೊಡ್ಡದಾಗುತ್ತವೆ, ತಳ್ಳಿದರೆ ಚಿಕ್ಕದಾಗುತ್ತವೆ. ಒಂದರ ಮೇಲೊಂದು ಬೇಕಾದರೂ ಪೇರಿಸಬಹುದು, ಹತ್ತು ಬೇಕಾದರೂ ತೆರೆಯಬಹುದು. ಮುಟ್ಟಿದ್ದು ಮುಂದೆ ಬರುತ್ತದೆ, ಮುಟ್ಟದ್ದು ಹಿಂದೆ ಸರಿಯುತ್ತದೆ. ಕೆಳಗಿನ ಅಂಚಿನಿಂದ ಮೇಲಕ್ಕೆ ಸವರಿದರೆ ಎಲ್ಲ ಕಿಟಕಿಗಳೂ ಕುಗ್ಗಿ ಸಾಲಾಗಿ ನಿಲ್ಲುತ್ತವೆ. ಅವನು ಮಾತಿನ ಕಿಟಕಿಯನ್ನು ಎಡಕ್ಕೂ ಅಣ್ಣನ ಕಿಟಕಿಯನ್ನು ಬಲಕ್ಕೂ ಎಳೆದು ನಿಲ್ಲಿಸಿ, "ನೋಡಿ, ಮೊದಲಿನ ಹಾಗೇ ಆಯ್ತು" ಎಂದ.

ಆಗಿರಲಿಲ್ಲ. ಗಿಣಿಯಕ್ಕನ ಹೆಬ್ಬೆರಳು ಎರಡು ವರ್ಷದಿಂದ ಪರದೆಯ ಕೆಳ ಅಂಚಿನಲ್ಲೇ ಕೂತಿರುತ್ತಿತ್ತು. ಪುಟ ತಿರುಗಿಸಲು ಅಲ್ಲಿಂದಲೇ ಮೇಲಕ್ಕೆ ಚಿಮ್ಮುವುದು ಅದರ ಅಭ್ಯಾಸ. ಈಗ ಹಾಗೆ ಚಿಮ್ಮಿದಾಗಲೆಲ್ಲ ಮಾತೂ ಅಣ್ಣನೂ ಇಬ್ಬರೂ ಕುಗ್ಗಿ ಬೆರಳುಗುರಿನಷ್ಟಾಗುತ್ತಿದ್ದರು. ಕಣ್ಣಿಗೆ ಬುದ್ಧಿ ಹೇಳಬಹುದು, ಬೆರಳಿಗೆ ಹೇಳುವುದು ಹೇಗೆ?

"ಮಾತನ್ನ ಪೇಪರ್ ಮೇಲೆ ಇಟ್ಕೊಂಡ್ರಾಯ್ತಲ್ಲ?" ಎಂದ ತಂತಿ.

"ಕೊನೇ ದೃಶ್ಯದಲ್ಲಿ ರಂಗವೆಲ್ಲ ಕತ್ತಲೆ. ನಾನು ದೀಪ ಹಚ್ಕೊಂಡ್ರೆ ಮೊದಲನೇ ಸಾಲಿನವರಿಗೆ ನಾನೇ ಕಾಣಿಸ್ತೀನಿ."

"ಹಾಗಾದ್ರೆ ಇನ್ನೊಂದು ಟ್ಯಾಬ್ಲೆಟ್ ತರಿಸೋಣ. ಒಂದರಲ್ಲಿ ಮಾತು, ಒಂದರಲ್ಲಿ ದೊರೆ. ಮೇಡಂಗೆ ಒಂದು ಮಾತು ಹೇಳ್ತೀನಿ."

"ಬೇಡ ಬೇಡ" ಎಂದಳು ಗಿಣಿಯಕ್ಕ, ಬೇಕಿದ್ದಕ್ಕಿಂತ ಜೋರಾಗಿ. ಮೇಡಂ ಎಂದರೆ ನಿರ್ದೇಶಕಿ, ವಯಸ್ಸಿನಲ್ಲಿ ಚಿಕ್ಕವಳು, ಕಣ್ಣು ಮಾತ್ರ ಸೂಜಿ. ಮಾತು ಕೊಡುವವಳು ದೊರೆಯನ್ನು ಸದಾ ಯಾಕೆ ನೋಡುತ್ತಿರಬೇಕು ಎಂದು ಅವಳು ಒಂದು ಪ್ರಶ್ನೆ ಕೇಳಿದರೆ ಸಾಕು, ಎರಡು ವರ್ಷದ ಗುಟ್ಟು ರಟ್ಟಾಗುತ್ತಿತ್ತು. ಗುಟ್ಟು ಕಾಯುವವರ ಹಣೆಬರಹವೇ ಇದು. ಕೇಳಿದರೆ ಸಿಗುವ ಸಹಾಯವನ್ನು ಕೇಳುವ ಹಾಗಿಲ್ಲ.

ನಾಟಕದ ಕತೆ ದೊಡ್ಡದಲ್ಲ. ಮುದಿ ನ್ಯಾಯಾಧೀಶನೊಬ್ಬ, ತಾನು ತಪ್ಪಾಗಿ ಜೈಲಿಗೆ ಕಳಿಸಿದವನ ಮನೆ ಹುಡುಕಿಕೊಂಡು ಬರುತ್ತಾನೆ. ಕೊನೆಯ ದೃಶ್ಯದಲ್ಲಿ ಮುಚ್ಚಿದ ಬಾಗಿಲ ಮುಂದೆ ನಿಂತು, ತಟ್ಟಲು ಕೈಯೆತ್ತಿ, ಇಳಿಸಿ, ಒಂಬತ್ತು ಉಸಿರಿನಷ್ಟು ಹೊತ್ತು ಸುಮ್ಮನಿರುತ್ತಾನೆ. ಆಮೇಲೆ, "ಬಾಗಿಲು ತೆಗೀಬೇಡಪ್ಪಾ, ಅಲ್ಲಿಂದಲೇ ಕೇಳು" ಎನ್ನುತ್ತಾನೆ. ಆ ಒಂಬತ್ತು ಉಸಿರಿಗಾಗಿಯೇ ಜನ ಎರಡೆರಡು ಸಲ ಬರುತ್ತಿದ್ದರು.

ಶನಿವಾರ ಮೊದಲೆರಡು ಅಂಕಗಳು ಹೇಗೋ ದಾಟಿದವು. ಹೆಬ್ಬೆರಳನ್ನು ಅಂಚಿನಿಂದ ದೂರ ಇಟ್ಟುಕೊಂಡು, ಬಿಸಿ ಪಾತ್ರೆ ಹಿಡಿದವಳಂತೆ ಗಿಣಿಯಕ್ಕ ಟ್ಯಾಬ್ಲೆಟ್ಟನ್ನು ಹಿಡಿದಿದ್ದಳು. ಕೊನೆಯ ದೃಶ್ಯಕ್ಕೆ ಪುಟ ತಿರುಗಿಸಬೇಕಾದಾಗ ಮಾತ್ರ ಕೈ ಹಳೆಯ ದಾರಿ ಹಿಡಿಯಿತು. ಎಲ್ಲವೂ ಕುಗ್ಗಿದವು. ಗಾಬರಿಯಲ್ಲಿ ಸಿಕ್ಕಿದ್ದನ್ನು ಮುಟ್ಟಿದಳು. ಮಾತಿನ ಕಿಟಕಿ ಪರದೆ ತುಂಬ ಬೆಳೆದು ನಿಂತಿತು. ಅಣ್ಣ ಅದರ ಹಿಂದೆಲ್ಲೋ ಇದ್ದ.

ರಂಗದ ಮೇಲೆ ಮೌನ ಶುರುವಾಯಿತು. ಅವಳು ಉಸಿರು ಎಣಿಸಿದಳು. ಮೂರು. ನಾಲ್ಕು. ಮೂಲೆಯಿಂದ ಕಾಣುವುದು ಅವನ ಬೆನ್ನು ಮಾತ್ರ. ಕೈ ಕಲ್ಲಾಗಿದೆಯೋ, ಬೆರಳು ಉಜ್ಜುತ್ತಿದೆಯೋ ತಿಳಿಯದು. ಐದಕ್ಕೆ ಅವಳ ಎದೆ ತಡೆಯಲಿಲ್ಲ. ಮಾತು ಕೊಟ್ಟುಬಿಟ್ಟಳು. ಅಣ್ಣನ ಬೆನ್ನು ಒಂದು ಕ್ಷಣ ಬಿಗಿಯಾಯಿತು. ಆಮೇಲೆ ಹೇಳಿದ್ದನ್ನು ಕೇಳುವ ಮಗುವಿನಂತೆ ಆ ಸಾಲು ಹೇಳಿದ. ಜನ ಚಪ್ಪಾಳೆ ತಟ್ಟಿದರು. ಜನಕ್ಕೇನು ಗೊತ್ತು.

ಬಣ್ಣದ ಕೋಣೆಯಲ್ಲಿ ಅವನು ಹತ್ತಿಯಿಂದ ಮುಖ ಒರೆಸಿಕೊಳ್ಳುತ್ತ ಕನ್ನಡಿಯೊಳಗಿಂದಲೇ ಅವಳನ್ನು ನೋಡಿದ. ಅಷ್ಟು ಸಿಟ್ಟು ಅವಳು ಬಹಳ ವರ್ಷದಿಂದ ಕಂಡಿರಲಿಲ್ಲ.

"ಯಾಕೆ ಹೇಳಿದೆ? ನಾನು ಮರ್ತಿರ್ಲಿಲ್ಲ."

"ಕಾಣಿಸಲಿಲ್ಲ ಅಣ್ಣ. ನೀನು ಆ ಕಿಟಕಿ ಹಿಂದೆ ಹೋಗ್ಬಿಟ್ಟಿದ್ದೆ."

"ಮಾತೆಲ್ಲ ಹೋಯ್ತು ಪುಟ್ಟಿ. ಎಲ್ಲಾನೂ ನೀನೇ ಕೊಡ್ತಿದೀಯ, ನಾನು ಇಸ್ಕೋತಿದೀನಿ. ಆ ಮೌನ ಒಂದೇ ನನ್ನದು ಅಂತ ಉಳಿದಿದ್ದು. ಅದರಲ್ಲೂ ಕೈ ಹಾಕಿದೆಯಲ್ಲೇ."

ಗಿಣಿಯಕ್ಕನಿಗೆ ಹೊಡೆತ ತಿಂದಂತಾಯಿತು. ಅವನ ಹೆಗಲ ಮೇಲೆ ಬಿದ್ದಿದ್ದ ಹತ್ತಿಯ ಎಳೆಗಳನ್ನು ಒಂದೊಂದಾಗಿ ತೆಗೆಯುತ್ತ ನಿಂತಳು.

ಆ ಸಂಜೆ ಇಬ್ಬರೂ ಊಟದ ಮೇಜಿನ ಮೇಲೆ ಟ್ಯಾಬ್ಲೆಟ್ಟನ್ನು ಇಟ್ಟುಕೊಂಡು ಅಭ್ಯಾಸಕ್ಕೆ ಕೂತರು. ಅಣ್ಣ ಬಾಗಿಲ ಮುಂದೆ ನಿಂತ. ಬಚ್ಚಲುಮನೆಯ ಬಾಗಿಲಾದರೂ ಅವನು ನಿಂತ ಮೇಲೆ ಅದು ನ್ಯಾಯ ಕಾಯುವ ಬಾಗಿಲೇ. ತಂಗಿ ಕಿಟಕಿಗಳನ್ನು ಎಳೆದಳು, ತಳ್ಳಿದಳು, ಕಳೆದುಕೊಂಡಳು, ಹುಡುಕಿದಳು. ಹತ್ತು ಸಲದಲ್ಲಿ ಆರು ಸಲ ಬೆರಳು ಹಳೆಯದನ್ನೇ ಮಾಡಿತು. ಬೆರಳು ಮರೆಯಲೊಲ್ಲದು, ಅಣ್ಣನ ತಲೆ ನೆನಪಿಡಲೊಲ್ಲದು. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರಲ್ಲಿ ದೇವರು ಇದನ್ನು ಸರಿಯಾಗಿ ಹಂಚಬಾರದಿತ್ತೇ ಎಂದು ಅವಳಿಗೆ ಅನಿಸಿತು.

ಕೊನೆಗೆ ಅಣ್ಣನೇ ಬಂದು ಎದುರಿಗೆ ಕೂತ. ಸಿಟ್ಟು ಇಳಿದಿತ್ತು. "ಎರಡನ್ನೂ ನೋಡೋಕಾಗಲ್ಲ ಅಂದ್ರೆ ನನ್ನನ್ನೇ ನೋಡು. ಮಾತು ನಿನಗೆ ಬರುತ್ತೆ. ನಲವತ್ತು ಆಟ ಆಗಿದೆ, ಬರದೆ ಎಲ್ಲಿಗೆ ಹೋಗುತ್ತೆ?"

"ನಾನು ಬಾಯಿಪಾಠ ಮಾಡಿದೋಳಲ್ಲ ಅಣ್ಣ."

"ನಿನ್ನ ಹೆಸರು ಗಿಣಿ ಕಣೇ" ಎಂದು ನಕ್ಕ. ಆ ನಗುವಿಗೆ ಅವಳು ಸೋತಳು.

ಭಾನುವಾರ ಅವಳು ಅಣ್ಣನ ಕಿಟಕಿಯನ್ನೇ ದೊಡ್ಡದು ಮಾಡಿಕೊಂಡು ಕೂತಳು. ಎಡಗೈ ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ ಉಗುರಿನ ಪಕ್ಕದ ಕೆಂಪು ಚರ್ಮವೂ ಕಾಣುತ್ತಿತ್ತು. ಎರಡನೆಯ ಅಂಕದಲ್ಲಿ ಹೆಬ್ಬೆರಳು ಉಜ್ಜತೊಡಗಿತು. ಅವಳು ನೆನಪಿಗೆ ಕೈ ಹಾಕಿದಳು, ಸಿಕ್ಕಿದ ಸಾಲನ್ನು ಕೊಟ್ಟಳು. ಅದು ಮೂರನೆಯ ಅಂಕದ್ದು. ಅಣ್ಣ ಅದನ್ನು ಗಂಭೀರವಾಗಿ, ಅಷ್ಟೂ ಭಾವ ತುಂಬಿ, ತಪ್ಪಾದ ಜಾಗದಲ್ಲಿ ಹೇಳಿದ. ಇನ್ನೂ ಸಾಯದ ಹೆಂಡತಿಯನ್ನು ಸತ್ತಳೆಂದು ಅತ್ತ. ಹೆಂಡತಿಯ ಪಾತ್ರದವಳು ಎದುರಿಗೇ ನಿಂತಿದ್ದಳು. ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಆ ಒಂದು ಸದ್ದು ಗಿಣಿಯಕ್ಕನ ಕಿವಿಯಲ್ಲಿ ವಾರವಿಡೀ ಉಳಿಯಿತು.

ಆಟ ಮುಗಿದ ಕೂಡಲೇ ನಿರ್ದೇಶಕಿ ಅವಳನ್ನು ಕಚೇರಿ ಕೋಣೆಗೆ ಕರೆದಳು. ಬಾಗಿಲು ಹಾಕಿ ನೇರ ಕೇಳಿದಳು. "ದೊರೆಗೆ ಏನಾಗಿದೆ ಅಕ್ಕ?"

"ಅವನಿಗೇನೂ ಆಗಿಲ್ಲ ಮೇಡಂ. ನಿನ್ನೇದೂ ಇವತ್ತಿಂದೂ ನನ್ನದೇ ತಪ್ಪು. ಈ ಟ್ಯಾಬ್ಲೆಟ್ ಏನೋ ಬದಲಾಗ್ಬಿಟ್ಟಿದೆ, ನನ್ನ ಕೈಗೆ ಕೂರ್ತಿಲ್ಲ."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಆ ಗಾದೆ ಹೇಳುತ್ತಲೇ ಬೆಳೆದವಳು ಇವತ್ತು ತಾನೇ ಅದನ್ನು ಮೈಮೇಲೆ ಎಳೆದುಕೊಂಡಳು. ಅದಕ್ಕೆ ಅವಳಿಗೆ ಬೇಸರವಿರಲಿಲ್ಲ. ಅಣ್ಣನ ತಲೆಯ ಮೇಲೆ ಬೀಳುವುದು ತನ್ನ ತಲೆಯ ಮೇಲೆ ಬಿದ್ದರೆ ಬೀಳಲಿ ಎನ್ನುವುದೇ ಅವಳ ಲೆಕ್ಕ.

ನಿರ್ದೇಶಕಿ ಮೇಜಿನ ಮೇಲಿನ ಪೆನ್ನನ್ನು ಬದಿಗೆ ಸರಿಸಿದಳು. "ತಪ್ಪು ನಿಮ್ಮದಾದ್ರೆ ಬೇಜಾರು ಮಾಡ್ಕೋಬೇಡಿ. ಮುಂದಿನ ಭಾನುವಾರ ಆ ಕುರ್ಚೀಲಿ ಬೇರೆಯವರನ್ನ ಕೂರಿಸ್ತೀನಿ. ಅದು ದೊರೆಯ ದೊಡ್ಡ ಆಟ, ನಾಲ್ಕು ಕಡೆಯಿಂದ ಜನ ಬರ್ತಿದಾರೆ. ನೀವು ಮುಂದೆ ಕೂತು ನೋಡಿ."

ಗಿಣಿಯಕ್ಕ ಕೋಣೆಯಿಂದ ಹೊರಗೆ ಬಂದಳು. ಬೇರೆಯವರು ಕೂತರೆ ಅವರಿಗೆ ಆ ಬೆರಳಿನ ಭಾಷೆ ಯಾರು ಹೇಳಬೇಕು? ಹೇಳಿದರೆ ಗುಟ್ಟು ಹೋಯಿತು, ಹೇಳದಿದ್ದರೆ ಅಣ್ಣ ಹೋದ. ಅತ್ತ ದರಿ, ಇತ್ತ ಪುಲಿ. ತಾನು ಹೇಳಿದ ಸುಳ್ಳೇ ತನ್ನನ್ನು ಅಣ್ಣನಿಂದ ಕಿತ್ತು ಸಭೆಯೊಳಗೆ ಕೂರಿಸುತ್ತಿತ್ತು.

ಎರಡು ದಿನ ಅವಳು ಅದನ್ನು ನುಂಗಲಾರದೆ ಉಗುಳಲಾರದೆ ತಿರುಗಿದಳು. ಮಂಗಳವಾರ ಮಧ್ಯಾಹ್ನ ಅಣ್ಣ ಪಾತ್ರೆ ತೊಳೆಯುತ್ತಿದ್ದಾಗ ಗಟ್ಟಿ ಮನಸ್ಸು ಮಾಡಿದಳು. ಮಾತು ಇಸಿದುಕೊಂಡವನು ಅವನು. ಬಿಡಿಸಬೇಕಾದವನೂ ಅವನೇ.

"ಅಣ್ಣ, ನೀನು ನನ್ನ ಹತ್ರ ಒಂದು ಮಾತು ತಗೊಂಡಿದ್ದೆಯಲ್ಲ. ಅದನ್ನ ನಾನು ಮುರೀಬೇಕಾಗಿದೆ. ನಿನ್ನ ಒಪ್ಪಿಗೆ ಬೇಕು."

ಅವನು ತೊಳೆದ ತಟ್ಟೆಯನ್ನು ಅವಳ ಕೈಗೆ ಕೊಟ್ಟ. "ಯಾವ ಮಾತು?"

"ಆಸ್ಪತ್ರೆ ಮೆಟ್ಟಿಲ ಮೇಲೆ. ಯಾರಿಗೂ ಹೇಳ್ಬೇಡ ಅಂದಿದ್ಯಲ್ಲ."

"ಏನನ್ನ?"

ಅವಳು ಅವನ ಮುಖ ನೋಡಿದಳು. ಅದು ನಟನೆಯಾಗಿರಲಿಲ್ಲ. ಅವನ ನಟನೆ ಅವಳಿಗೆ ಗೊತ್ತಿಲ್ಲದ್ದಲ್ಲ. ಕೈಯಲ್ಲಿ ಸೋಪಿನ ನೊರೆ ಹಿಡಿದು, ತಂಗಿ ಏನೋ ಹೇಳುತ್ತಿದ್ದಾಳೆ, ಅದು ಮುಖ್ಯವಾದದ್ದು, ತನಗೆ ತಿಳಿಯುತ್ತಿಲ್ಲ ಎಂದು ನಾಚಿಕೆಯಿಂದ ಕಾಯುತ್ತಿದ್ದ ಅಷ್ಟೇ.

ಎರಡು ವರ್ಷ ಅವಳು ಆ ಮಾತನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದಳು. ಅದಕ್ಕಾಗಿ ಕಣ್ಣು ಮಂದವೆಂದಳು, ಅವನ ಕಿವಿ ಮಂದವೆಂದಳು, ಕೊನೆಗೆ ತನ್ನ ಕೈಯೇ ಬಾರದೆಂದಳು. ಕೊಟ್ಟವಳ ಬಳಿ ಮಾತು ಹಾಗೇ ಇತ್ತು. ಇಸಿದುಕೊಂಡವನ ಬಳಿ ಇರಲಿಲ್ಲ. ಅಳು ಬರಬೇಕಿತ್ತು, ಬರಲಿಲ್ಲ. ಇಡೀ ಮನೆಯಲ್ಲಿ ತಾನೊಬ್ಬಳೇ ಇದ್ದೇನೆ ಎಂಬ ಹೆದರಿಕೆ ಮಾತ್ರ ಬಂತು.

"ಏನಿಲ್ಲ ಬಿಡು" ಎಂದು ತಟ್ಟೆ ಒರೆಸಿಟ್ಟಳು. ಆ ಸಂಜೆಯೇ ಹೋಗಿ ನಿರ್ದೇಶಕಿಗೆ ಎಲ್ಲವನ್ನೂ ಹೇಳಿದಳು. ಚಿತ್ರ ತೆಗೆದದ್ದು, ಡಾಕ್ಟರು ಹೇಳಿದ್ದು, ಕ್ಯಾಮೆರಾ, ಬೆರಳು, ಬಾಗಿಲ ಮುಂದಿನ ಐದು ಉಸಿರು.

ನಿರ್ದೇಶಕಿ ಮೊದಲು ಸಿಟ್ಟಾದಳು. "ಎರಡು ವರ್ಷ! ಅಷ್ಟು ಜನರ ಮುಂದೆ ಒಬ್ಬ ಮನುಷ್ಯನನ್ನ ಹೀಗೆ ನಿಲ್ಲಿಸಿದ್ರಾ? ನನಗೆ ಒಂದು ಮಾತು ಹೇಳೋಕೆ ಏನಾಗಿತ್ತು?"

"ಹೇಳಿದ್ರೆ ಅವನನ್ನ ಇಳಿಸ್ತಿದ್ರಿ."

ನಿರ್ದೇಶಕಿ ಎದ್ದಳು. ಕಿಟಕಿಯ ಹತ್ತಿರ ಹೋಗಿ ನಿಂತಳು. ತಿರುಗಿದಾಗ ಅವಳ ಕಣ್ಣು ಕೆಂಪಾಗಿತ್ತು. "ಅವರಿಗೆ ಏನು ಬೇಕು ಅಕ್ಕ?"

"ತಾನೇ ಸಾಕು ಅಂತ ಹೇಳಿ ಇಳೀಬೇಕು. ಅಷ್ಟೇ. ಹಾಗಂತ ಆಸೆ ಪಟ್ಟಿದ್ದೂ ಈಗ ಅವನಿಗೆ ನೆನಪಿಲ್ಲ. ನನಗಿದೆಯಲ್ಲ."

"ಸರಿ. ಭಾನುವಾರ ನಿಮ್ಮ ಪಕ್ಕದಲ್ಲಿ ನಾನು ಕೂರ್ತೀನಿ. ನನ್ನ ಟ್ಯಾಬ್ಲೆಟ್ ತರ್ತೀನಿ. ಮಾತನ್ನ ನಾನು ಹಿಡ್ಕೋತೀನಿ, ನೀವು ಅವರನ್ನ ಹಿಡ್ಕೊಳ್ಳಿ."

ಬಾಯಿ ಬಿಟ್ಟು ಕೇಳಿದ್ದರೆ ಹೋದ ಶುಕ್ರವಾರವೇ ಸಿಗಬಹುದಾಗಿದ್ದದ್ದು ಇದು. ಗಿಣಿಯಕ್ಕ ಮನೆಗೆ ಹೋಗುವ ದಾರಿಯುದ್ದಕ್ಕೂ ತನಗೆ ತಾನೇ ಬೈದುಕೊಂಡಳು.

ಭಾನುವಾರ ಮಂದಿರ ತುಂಬಿತ್ತು. ಹಿಂದಿನ ಗೋಡೆಗೂ ಜನ ಒರಗಿ ನಿಂತಿದ್ದರು. ಮೂಲೆಯಲ್ಲಿ ಎರಡು ಕುರ್ಚಿ. ನಿರ್ದೇಶಕಿಯ ಮಡಿಲಲ್ಲಿ ಮಾತು, ಗಿಣಿಯಕ್ಕನ ಮಡಿಲಲ್ಲಿ ಅಣ್ಣ, ಪರದೆಯ ತುಂಬ ಒಂದೇ ಕಿಟಕಿ. ಬೆರಳು ಉಜ್ಜಿದ ಕೂಡಲೇ ಗಿಣಿಯಕ್ಕ ಪಕ್ಕದವಳ ಮೊಣಕೈ ಮುಟ್ಟುತ್ತಿದ್ದಳು. ಪಕ್ಕದವಳು ಸಾಲಿನ ಕೆಳಗೆ ಬೆರಳಿಡುತ್ತಿದ್ದಳು. ಗಿಣಿಯಕ್ಕ ಅದನ್ನು ಓದಿ ಉಸಿರಿನಷ್ಟು ಮೆಲ್ಲಗೆ ಹೇಳುತ್ತಿದ್ದಳು. ಮೊದಲ ಅಂಕದಲ್ಲಿ ಹನ್ನೊಂದು ಸಲ, ಎರಡನೆಯದರಲ್ಲಿ ಇಪ್ಪತ್ತು ದಾಟಿತು. ನಿರ್ದೇಶಕಿ ಒಮ್ಮೆ ತಲೆಯೆತ್ತಿ ಗಿಣಿಯಕ್ಕನನ್ನು ನೋಡಿದಳು. ಇಷ್ಟನ್ನೂ ಒಬ್ಬರೇ ಮಾಡುತ್ತಿದ್ದಿರಾ ಎಂದು ಆ ನೋಟ ಕೇಳುತ್ತಿತ್ತು. ಸಭೆಗೆ ಒಂದೂ ತಿಳಿಯಲಿಲ್ಲ. ದೊರೆ ಹಾಗೆ ಅಭಿನಯಿಸಿದ್ದನ್ನು ತಾವು ಕಂಡಿರಲಿಲ್ಲ ಎಂದು ಆಮೇಲೆ ಎಷ್ಟೋ ಜನ ಹೇಳಿದರು.

ಕೊನೆಯ ದೃಶ್ಯ. ಬೆಳಕು ಕುಗ್ಗಿ ಬಾಗಿಲ ಮೇಲೆ ಮಾತ್ರ ಉಳಿಯಿತು. ಅಣ್ಣ ಕೈಯೆತ್ತಿದ, ಇಳಿಸಿದ. ಎಡಗೈ ಕಲ್ಲು. ಗಿಣಿಯಕ್ಕ ಎಣಿಸಿದಳು. ಐದಾಯಿತು. ಈ ಸಲ ಅವಳು ಬಾಯಿ ತೆರೆಯಲಿಲ್ಲ. ಏಳು, ಎಂಟು, ಒಂಬತ್ತು. ಆ ಮೌನ ಪೂರ್ತಿ ಅವನದಾಯಿತು. ಹತ್ತನೆಯ ಉಸಿರಿಗೆ ಹೆಬ್ಬೆರಳು ಅಲ್ಲಾಡಿತು.

ಅವಳು ಮೊಣಕೈ ಮುಟ್ಟಿದಳು, ಸಾಲು ಓದಿದಳು. ಅವನು ಹೇಳಲಿಲ್ಲ. ಮತ್ತೊಮ್ಮೆ ಓದಿದಳು. ಹೆಬ್ಬೆರಳು ಉಜ್ಜುತ್ತಲೇ ಇತ್ತು. ಪರದೆಯಲ್ಲಿ ಅವನ ಮುಖ ನೋಡಿದಳು. ಆ ಮುಖದಲ್ಲಿ ನ್ಯಾಯಾಧೀಶ ಇರಲಿಲ್ಲ, ದೊರೆಯೂ ಇರಲಿಲ್ಲ. ಗುರುತಿಲ್ಲದ ಬಾಗಿಲೊಂದರ ಮುಂದೆ ಯಾಕೆ ನಿಂತಿದ್ದೇನೆಂದು ತಿಳಿಯದ ಎಪ್ಪತ್ತೊಂದು ವರ್ಷದ ಮುದುಕನೊಬ್ಬ ಇದ್ದ. ಅವನು ನಿಧಾನವಾಗಿ ತಲೆ ತಿರುಗಿಸಿದ. ಎಷ್ಟೋ ವರ್ಷದ ನಟನೆಯಲ್ಲಿ ಒಂದು ಸಲವೂ ನೋಡದಿದ್ದ ಆ ಕತ್ತಲೆ ಮೂಲೆಯ ಕಡೆಗೆ ನೋಡಿದ.

ನಿರ್ದೇಶಕಿಯ ಬೆರಳು ಸಾಲಿನ ಕೆಳಗೇ ಇತ್ತು. ಗಿಣಿಯಕ್ಕ ಆ ಕಡೆ ನೋಡಲಿಲ್ಲ. ನಲವತ್ತು ವರ್ಷದಲ್ಲಿ ಮೊದಲ ಸಲ, ಬರೆದಿಲ್ಲದ ಮಾತನ್ನು ಹೇಳಿದಳು.

"ಅಣ್ಣ, ನಾನು ಪುಟ್ಟಿ. ಇಲ್ಲೇ ಇದೀನಿ. ಬಾಗಿಲು ಹಾಗೇ ಇರ್ಲಿ. ನೀನು ಮೆಲ್ಲಗೆ ನನ್ನ ಹತ್ರ ಬಾ."

ಅವನು ಬಾಗಿಲಿಗೆ ಬೆನ್ನು ಮಾಡಿದ. ಅವಸರವಿಲ್ಲದೆ, ನೆಟ್ಟಗೆ, ಬೆಳಕಿನಿಂದ ಕತ್ತಲೆಗೆ ನಡೆದು ಬಂದ. ನಿರ್ದೇಶಕಿ ತನ್ನ ಮೈಕಿನಲ್ಲಿ ತಂತಿಗೆ ಪಿಸುಗುಟ್ಟಿದಳು. ತಟ್ಟದ ಬಾಗಿಲ ಮೇಲಿನ ಬೆಳಕು ನಿಧಾನವಾಗಿ ಆರಿತು. ಆಮೇಲೆ ಜನ ಎದ್ದು ನಿಂತರು. ಚಪ್ಪಾಳೆಯ ಸದ್ದು ಮೂಲೆಯವರೆಗೂ ಬಂತು.

ಅಣ್ಣ ಅವಳ ಮುಂದೆ ನಿಂತಿದ್ದ. ಹಣೆಯ ಬೆವರಿಗೆ ಬಣ್ಣ ಇಳಿದಿತ್ತು. ನಿರ್ದೇಶಕಿ ಬಾಯಿಗೆ ಕೈ ಅಡ್ಡ ಹಿಡಿದು ಅಳುತ್ತಿದ್ದಳು.

"ಪುಟ್ಟಿ" ಎಂದ, ಹೆದರುತ್ತ. "ಎಲ್ಲಾ ಸರಿಯಾಗಿ ಹೇಳಿದ್ನಾ?"

"ಒಂದಕ್ಷರ ತಪ್ಪಿಲ್ಲ ಅಣ್ಣ."

ಅವನು ಅವಳ ಮುಖವನ್ನು ಹುಡುಕಿ ನೋಡಿದ. ಅವಳು ಕಣ್ಣು ತಗ್ಗಿಸಲಿಲ್ಲ. ನಂಬಿದ. ಅಷ್ಟು ದಿನದ ಭಾರ ಇಳಿಸಿದವನಂತೆ ಉಸಿರು ಬಿಟ್ಟ.

"ಹಾಗಾದ್ರೆ ಸಾಕು" ಎಂದ. "ಇನ್ನು ನನ್ನ ಕೈಲಾಗಲ್ಲ. ಮನೆಗೆ ಹೋಗೋಣ."

ಹೊರಗೆ ಚಪ್ಪಾಳೆ ನಿಂತಿರಲಿಲ್ಲ. ಗಿಣಿಯಕ್ಕ ಅವನ ಕೈ ಹಿಡಿಯಲು ಹೋಗಿ ತಡೆದುಕೊಂಡಳು. ಅವನು ಮುಂದೆ ನಡೆದ, ಅವಳು ಎರಡು ಹೆಜ್ಜೆ ಹಿಂದೆ ನಡೆದಳು.